ಕೇಪುಳದ ಎಲೆ ಹಳದಿ ಆದಾಗ

ನಾನು ಸಾಫ್ಟ್‌ವೇರ್ ಎಂಜಿನಿಯರ್. ಇರೋದು ಹೈದರಾಬಾದ್‌ನಲ್ಲಿ, ಊರು ಪುತ್ತೂರಿನ ಹತ್ತಿರ. ಇವತ್ತು ಕೋಡ್ ಬಿಟ್ಟು ಒಂದು ಗಿಡದ ಬಗ್ಗೆ ಮಾತಾಡ್ತೀನಿ. ಅದು ಕೇಪುಳ.

ನಮ್ಮ ಕಡೆ ಗುಡ್ಡದಲ್ಲಿ ತಾನಾಗಿ ಬೆಳೆಯುವ ಪೊದೆ ಇದು. ಶಾಲೆಗೆ ಹೋಗುವಾಗ ಹೂ ಕಿತ್ತು, ಬುಡ ಚೀಪಿ ಜೇನು ಕುಡೀತಿದ್ವಿ. ಇಲ್ಲಿನ ನರ್ಸರಿಯಲ್ಲಿ ಇದಕ್ಕೆ 'ನೂರು ವರಹಾಲು' ಅಂತಾರೆ. ಚೆನ್ನೈನಲ್ಲಿ ಇರೋರು 'ಇಟ್ಲಿ ಪೂ' ಅಂತ ಕೇಳಿ. ಸಸ್ಯಶಾಸ್ತ್ರದ ಹೆಸರು ಇಕ್ಸೋರಾ ಕಾಕ್ಸೀನಿಯಾ. ಇಕ್ಸೋರಾ ಅಂದ್ರೆ ನಮ್ಮ 'ಈಶ್ವರ'ನೇ, ಪೋರ್ಚುಗೀಸರ ಬಾಯಲ್ಲಿ ಹಾಗಾಗಿದ್ದು. ಕಾಫಿ ಗಿಡದ ಕುಟುಂಬವೇ ಇದರದ್ದೂ.

ನನ್ನ ಐದು ವರ್ಷದ ಮಗಳಿಗೂ ಹೂ ಚೀಪೋದು ಕಲಿಸಿದೆ. ಒಂದು ಸಂಜೆ ಅಪಾರ್ಟ್‌ಮೆಂಟ್ ಪಾರ್ಕಲ್ಲಿ ಅವಳು ಕಣಗಿಲೆ ಹೂವನ್ನು ಬಾಯಿಗೆ ಇಡೋಕೆ ಹೊರಟಿದ್ದಳು. ಓಡಿಹೋಗಿ ಕಿತ್ತುಕೊಂಡೆ. ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ವಿಷ, ಹೃದಯದ ಬಡಿತವನ್ನೇ ಕೆಡಿಸುತ್ತೆ. ಯಾರಾದರೂ ತಿಂದಿದ್ದರೆ ಮನೆಮದ್ದು ಮಾಡ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ತಪ್ಪು ಮಗುವಿನದ್ದಲ್ಲ, ನನ್ನದು. ಚೀಪೋದು ಕಲಿಸಿದ್ದೆ, ಗುರುತಿಸೋದು ಕಲಿಸಿರಲಿಲ್ಲ.

ಗುರುತು ಹೀಗೆ. ಕೇಪುಳದ ಹೂವಿಗೆ ನಾಲ್ಕೇ ದಳ, ಕೆಳಗೆ ದಾರದಂಥ ಉದ್ದ ಕೊಳವೆ. ಎಲೆಗಳು ಎದುರುಬದುರು ಜೋಡಿಯಾಗಿ ಇರುತ್ತವೆ. ತೊಟ್ಟು ಇದೆಯೋ ಇಲ್ಲವೋ ಅನ್ನೋಷ್ಟು ಚಿಕ್ಕದು. ಎಲೆ ಮುರಿದರೆ ಹಾಲು ಬರಲ್ಲ. ಕಣಗಿಲೆಯದ್ದು ಉದ್ದನೆಯ ಕಿರಿದಾದ ಎಲೆ, ಸಾಮಾನ್ಯವಾಗಿ ಒಂದೊಂದು ಗೆಣ್ಣಲ್ಲಿ ಮೂರು. ಹೂವಿಗೆ ಐದು ದಳ. ಲಂಟಾನದ್ದೂ ಗೊಂಚಲು ಹೂವೇ, ಆದರೆ ಎಲೆ ಒರಟು, ಉಜ್ಜಿದರೆ ಘಾಟು ವಾಸನೆ. ಅದೂ ಬಾಯಿಗೆ ಬೇಡ. ನರ್ಸರಿಯಿಂದ ಈಗಷ್ಟೇ ತಂದ ಕೇಪುಳವೂ ಬೇಡ, ಔಷಧಿ ಹೊಡೆದಿರಬಹುದು.

ಇನ್ನು ಬೆಳೆಸೋದು. ಊರಿಂದ ತಂದ ನನ್ನ ಮೊದಲ ಗಿಡ ಸತ್ತೇ ಹೋಯ್ತು. ಎರಡನೆಯದರ ಎಳೆ ಎಲೆಗಳು ಹಳದಿಯಾದವು, ನರ ಮಾತ್ರ ಹಸಿರು. ಪೋಷಕಾಂಶ ಕಡಿಮೆ ಅಂದುಕೊಂಡು ಗೊಬ್ಬರ ಸುರಿದೆ. ಇನ್ನೂ ಹಳದಿ. ಅಮ್ಮನಿಗೆ ಫೋನ್ ಮಾಡಿದರೆ, "ನಮ್ಮ ಗುಡ್ಡೆಗೆ ಯಾರು ಗೊಬ್ಬರ ಹಾಕಿದ್ದು ಮಾರಾಯಾ?" ಅಂದರು.

ಅಲ್ಲಿಗೆ ಬಗ್ ಸಿಕ್ಕಿತು. ಊರಿನದ್ದು ಮುರಕಲ್ಲಿನ ಹುಳಿ ಮಣ್ಣು. ಇಲ್ಲಿ ನಾನು ಹಾಕ್ತಿದ್ದದ್ದು ಬೋರ್‌ವೆಲ್‌ನ ಗಡಸು ನೀರು. ಅದರಲ್ಲಿನ ಸುಣ್ಣದ ಅಂಶದಿಂದ ಕುಂಡದ ಮಣ್ಣು ಕ್ಷಾರವಾಗುತ್ತೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಡೇಟಾ ಇದೆ, ಆಕ್ಸೆಸ್ ಇಲ್ಲ ಅಂತಾರಲ್ಲ, ಹಾಗೆ. ಹಳೆಯ ಎಲೆಗಳಿಂದ ಹಳದಿ ಶುರುವಾದರೆ ಸಾರಜನಕದ ಕೊರತೆ ಇರಬಹುದು. ಎಳೆ ಎಲೆಯಲ್ಲಿ ನರ ಹಸಿರಾಗೇ ಉಳಿದರೆ ಮೊದಲು ಕಬ್ಬಿಣವನ್ನು ಅನುಮಾನಿಸಿ.

ನಾನು ಮಾಡಿದ್ದು ಇಷ್ಟೇ. ಕೆಂಪು ಮಣ್ಣು, ಕೋಕೋಪೀಟ್, ಕಾಂಪೋಸ್ಟ್ ಸೇರಿಸಿ ಹೊಸ ಕುಂಡಕ್ಕೆ ಬದಲಾಯಿಸಿದೆ. ಮಳೆಗಾಲದಲ್ಲಿ ಮಳೆನೀರು, ಬೇಸಿಗೆಯಲ್ಲಿ ಎಸಿಯಿಂದ ತೊಟ್ಟಿಕ್ಕುವ ನೀರು ಕೊಟ್ಟೆ. ಅದರಲ್ಲಿ ಸುಣ್ಣ ಇರಲ್ಲ. ಆರ್‌ಒ ಹೊರಗೆ ಬಿಡುವ ನೀರು ಮಾತ್ರ ಬೇಡ, ಅದರಲ್ಲಿ ಲವಣ ಇನ್ನೂ ಜಾಸ್ತಿ. ಕಬ್ಬಿಣದ ಚೀಲೇಟ್ ಕೊಳ್ಳುವಾಗ ಇಡಿಡಿಎಚ್‌ಎ ಅಂತ ಬರೆದದ್ದು ನೋಡಿ. ಕ್ಷಾರ ಮಣ್ಣಲ್ಲೂ ಕೆಲಸ ಮಾಡೋದು ಅದು. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಹೂ ಬರೋದು ಕೊಂಬೆಯ ತುದಿಯಲ್ಲಿ, ಆದ್ದರಿಂದ ಹೂ ಮುಗಿದ ಮೇಲೆ ಕತ್ತರಿಸಿ. ದೆಹಲಿಯವರು ಚಳಿಗಾಲದಲ್ಲಿ ಕುಂಡವನ್ನು ಗಾಳಿಗೆ ಮರೆಯಾಗಿ ಇಡಿ.

ಹಳದಿಯಾದ ಹಳೇ ಎಲೆ ಪೂರ್ತಿ ಹಸಿರಾಗಲಿಲ್ಲ. ಹೊಸ ಚಿಗುರು ಹಸಿರಾಗಿ ಬಂತು, ಆಮೇಲೆ ಗೊಂಚಲೂ ಬಂತು. ಈಗ ಮಗಳು ಹೂ ಕೀಳುವ ಮೊದಲು ದಳ ಎಣಿಸ್ತಾಳೆ. ನಾಲ್ಕು ಇದ್ದರೂ ನನ್ನನ್ನು ಕೇಳ್ತಾಳೆ: "ಅಪ್ಪಾ, ಇದು ನಮ್ಮದೇ ಅಲ್ವಾ?"

ಹೌದು ಅಂದ ಮೇಲೆಯೇ ಬಾಯಿಗೆ.