ಲೆಕ್ಕಕ್ಕೆ ಸಿಗದ ಮನೆಮಾತು

ವಲಸೆ, ಜಾಗತೀಕರಣದ ಹೊಡೆತಕ್ಕೆ ಪ್ರಾದೇಶಿಕ ಭಾಷೆಗಳು ಸಾಯ್ತಿವೆಯಾ? ಮೊದಲು ಲೆಕ್ಕ ನೋಡೋಣ. 2001ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 3.79 ಕೋಟಿ, 2011ರಲ್ಲಿ 4.37 ಕೋಟಿ. ಮರಾಠಿ 7.19 ಕೋಟಿಯಿಂದ 8.30 ಕೋಟಿಗೆ ಏರಿತು. ದೇಶದ ಜನಸಂಖ್ಯೆಯಲ್ಲಿ ಎರಡರ ಪಾಲೂ ತುಸು ಇಳಿದಿದೆ ನಿಜ. ಆದರೆ ಇದನ್ನ ಸಾವು ಅನ್ನೋಕಾಗಲ್ಲ.

ಹಾಗಾದ್ರೆ ನಿಶ್ಚಿಂತೆಯಾ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳ ಕಡೆ ಬನ್ನಿ. ಇಲ್ಲಿನ ಹವ್ಯಕರ ಮನೆಯಲ್ಲಿ 'ನಾನು' ಅಲ್ಲ, 'ಆನು'. 'ಇದೆ' ಅಲ್ಲ, 'ಇದ್ದು'. ಬಂದವರಿಗೆ ಮೊದಲು ಕೇಳೋದು ಆಸರಿಗೆ ಏನು ಬೇಕು ಅಂತ. ಗಣತಿಯವರು ಬಂದಾಗ ಬರೆಸೋದು ಮಾತ್ರ 'ಕನ್ನಡ'. ಹಾಗಾಗಿ ಈ ಮಾತು ನಾಳೆ ನಿಂತುಹೋದ್ರೂ ಅಂಕಿಯಲ್ಲಿ ಏನೂ ಕಾಣಲ್ಲ.

ಊರಿನ ಹುಡುಗರು ಬೆಂಗಳೂರು ಸೇರಿದ್ರು. ಅಲ್ಲಿ ಬೆಳೆದ ಮಗುವಿಗೆ ಶಾಲೆಯ ಕನ್ನಡ ಬರುತ್ತೆ. ಆದರೆ ಅಡಿಕೆ ಗೊನೆಗೆ 'ಕೊನೆ', ಕೊಳೆ ರೋಗ ಬರದಂತೆ ಅದಕ್ಕೆ ಕಟ್ಟೋದು 'ಕೊಟ್ಟೆ', ಮರ ಹತ್ತಿ ಕೊಯ್ಯೋನು 'ಕೊನೆಗೌಡ' – ಇದನ್ನ ಯಾವ ಪಠ್ಯಪುಸ್ತಕ ಕಲಿಸುತ್ತೆ? ಕೆಲಸ ಕೈಬಿಟ್ಟಲ್ಲಿ ಪದವೂ ಬಾಯಿಬಿಡುತ್ತೆ. ಹವ್ಯಕರದ್ದಷ್ಟೇ ಅಲ್ಲ, ಯಲ್ಲಾಪುರದ ಸಿದ್ದಿಗಳ ಮನೆಯ ಕೊಂಕಣಿಗೂ ಇದೇ ಪ್ರಶ್ನೆ.

ಶಾಲೆಗೆ, ಬೋರ್ಡಿಗೆ ಸರ್ಕಾರವನ್ನ ಕೇಳೋಣ, ಕೇಳಲೇಬೇಕು. ಮನೆಮಾತಿಗೆ ಯಾವ ಇಲಾಖೆಯೂ ಇಲ್ಲ. ಮುಂದಿನ ಸಲ ಊರಿಂದ ಅಜ್ಜಿ ಫೋನ್ ಮಾಡಿದಾಗ ಮಗುವಿನ ಕೈಗೆ ಕೊಡಿ. ಮಧ್ಯೆ ನಿಂತು ಅನುವಾದ ಮಾಡಬೇಡಿ.