ಅಡಿಗೆಗೂ ಒಂದು ಚಂದಾ
(ವಾರ್ಷಿಕೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಾಸಪತ್ರಿಕೆಗೆ ಚಂದಾ ಕಟ್ಟುವುದನ್ನು ನಾವೆಲ್ಲ ಬಲ್ಲೆವು. ಅಡಿಗೆಗೂ ಚಂದಾ ಕಟ್ಟುವವರಿದ್ದಾರೆ ಎಂದರೆ ಇಲ್ಲಿರುವ ಹಿರಿಯರು ನಕ್ಕಾರು. ಸ್ವೀಡನ್ ದೇಶದಲ್ಲಿ 2007ರ ಸುಮಾರಿಗೆ ಈ ಪದ್ಧತಿ ತಲೆದೋರಿತು. 2011ರಲ್ಲಿ ಬರ್ಲಿನ್ನಿನಲ್ಲಿ ಹಲೋಫ್ರೆಶ್, 2012ರಲ್ಲಿ ನ್ಯೂಯಾರ್ಕಿನಲ್ಲಿ ಬ್ಲೂ ಏಪ್ರನ್ ಎಂಬ ಸಂಸ್ಥೆಗಳು ಹುಟ್ಟಿದವು. ವಾರಕ್ಕೊಂದು ಪೆಟ್ಟಿಗೆ ಮನೆಬಾಗಿಲಿಗೆ ಬರುತ್ತದೆ. ಅದರಲ್ಲಿರುವುದು ಬೆಂದ ಅನ್ನವಲ್ಲ. ಒಂದೊಂದು ಅಡಿಗೆಗೆ ಬೇಕಾದಷ್ಟೇ ತೂಗಿಟ್ಟ ಹಸಿಯ ಸಾಮಾನು ಮತ್ತು ಮಾಡುವ ಬಗೆಯನ್ನು ತಿಳಿಸುವ ಒಂದು ಹಾಳೆ.

ನನ್ನ ತಂಗಿಯ ಮಗಳು ಬರ್ಲಿನ್ನಿನಲ್ಲಿದ್ದಾಳೆ. ಅಂತಹ ಪೆಟ್ಟಿಗೆಗೆ ಚಂದಾದಾರಳು. ಒಂದು ವಾರ ಮೆಕ್ಸಿಕೋ ದೇಶದ ಮುಸುಕಿನ ಜೋಳದ ರೊಟ್ಟಿ, ಮತ್ತೊಂದು ವಾರ ಥಾಯ್ ಜನರ ತೆಂಗಿನಹಾಲಿನ ಸಾರು. ಬೆಳ್ಳುಳ್ಳಿಯ ಎಸಳನ್ನು ಸಹ ಎಣಿಸಿ ಇಟ್ಟಿರುತ್ತಾರಂತೆ. ಪ್ರತಿಯೊಂದಕ್ಕೂ ಬೇರೆ ಬೇರೆ ಪ್ಲಾಸ್ಟಿಕ್ ಹೊದಿಕೆಯೆಂದು ಕೇಳಿ ನನಗೆ ಕಸಿವಿಸಿಯಾಯಿತು. ಆನೆ ಜಿಂಕೆಗಳು ಹಿತ್ತಿಲಿನವರೆಗೂ ಬರುವ ಮಾವನಲ್ಲದಲ್ಲಿ ಅದನ್ನೆಲ್ಲ ಎಲ್ಲಿ ಎಸೆಯೋಣ!

ಪರದೇಶದ ಆಹಾರವೆಂದು ನಾವು ಮೂಗು ಮುರಿಯಬೇಕಾಗಿಲ್ಲ. ಕಲ್ಲಟ್ಟಿಯ 36 ತಿರುವುಗಳನ್ನು ಇಳಿದು ಬರುವ ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿ ಬಂದ ಮೇಲೆ ಉದಕಮಂಡಲದಲ್ಲಿ ಸೀಮೆಯ ತರಕಾರಿಗಳು ಬೇರೂರಿದವು. ಮೆಣಸಿನಕಾಯಿಯೂ ಅಮೆರಿಕದ್ದೇ. ಅಷ್ಟೇಕೆ, ನಮ್ಮದೇ ಎಂದು ಎದೆಯುಬ್ಬಿಸಿ ಹೇಳುವ ರಾಗಿಯು ಸಹ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನೆಲದಿಂದ ಬಂದುದು. ಅವು ನಮ್ಮವಾದುದು ನಮ್ಮ ಅಜ್ಜಿಯರ ಕೈಯಿಂದ.

ಕನ್ನಡನಾಡಿನ ಅಡಿಗೆ ಪೊಟ್ಟಣ ಸೇರಿದುದೂ ಹೊಸ ಸುದ್ದಿಯಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಮೈಯರ ಮನೆತನದವರು ತೆರೆದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರಕಾರವು ತಿಂಡಿಗಳ ಬೆಲೆಯನ್ನು ಬಹಳ ಇಳಿಸಲು, ಆ ಬೆಲೆಗೆ ರುಚಿ ಕೆಡದಂತೆ ಬಡಿಸಲಾಗದೆ ಅವರು ಹೋಟೆಲನ್ನು ಕೆಲಕಾಲ ಮುಚ್ಚಿ, ರವೆ ಇಡ್ಲಿ ಮೊದಲಾದವುಗಳ ಹಿಟ್ಟನ್ನು ಕಲಸಿ ಮಾರತೊಡಗಿದರು. 2007ರಲ್ಲಿ ಆ ಪೊಟ್ಟಣಗಳ ಉದ್ಯಮವನ್ನು ನಾರ್ವೆಯ ಓರ್ಕ್ಲಾ ಸಂಸ್ಥೆ ಕೊಂಡಿತು.

ಈಗ ನನ್ನ ಅರಿಕೆಗೆ ಬರುತ್ತೇನೆ. ಒಂದು ಸಂಜೆ ಆ ಹುಡುಗಿ ಫೋನು ಮಾಡಿ, "ದೊಡ್ಡಮ್ಮ, ಮುದ್ದೆಗೆ ನೀರೆಷ್ಟು?" ಎಂದಳು. "ಎಸರು ಮರಳಿದ ಮೇಲೆ ಹಿಟ್ಟು ಸುರಿ, ಬೆಂದ ವಾಸನೆ ಬಂದಾಗ ಕೋಲಿನಿಂದ ತಿರುವು" ಎಂದೆನು. "ಎಸರು ಅಂದರೆ?" ಎಂದು ಕೇಳಿದಳು. ನಾನು ಸುಮ್ಮನಾದೆನು. ಮೆಕ್ಸಿಕೋದ ರೊಟ್ಟಿಯನ್ನು ಹಾಳೆ ನೋಡಿ ತಪ್ಪಿಲ್ಲದೆ ಮಾಡುವ ನಮ್ಮ ಮನೆಯ ಕೂಸಿಗೆ ನಮ್ಮ ಒಲೆಯ ಮಾತೇ ಅರ್ಥವಾಗಲಿಲ್ಲ. ತಪ್ಪು ಅವಳದಲ್ಲ. ಅವಳ ಕೈಗೆ ಹಾಳೆ ಕೊಟ್ಟವರು ಬೇರೆಯವರು, ನಾವು ಕೊಟ್ಟಿರಲಿಲ್ಲ.

ಮರುದಿನ ಲೋಟ ಹಿಡಿದು ಅಳೆದೆನು. ಹಿಟ್ಟು ಒಂದು, ನೀರು ಎರಡು. ಐವತ್ತು ವರ್ಷ ಮುದ್ದೆ ಕಟ್ಟಿದ ನನಗೂ ಅಂದೇ ತಿಳಿದುದು! ಹಾಳೆಯಲ್ಲಿ ಬರೆದು ಕಳುಹಿಸಿದೆನು. ಎಸರು ಎಂಬ ಮಾತನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಅರ್ಥ ಬರೆದೆನು. ಮೊದಲ ಸಲ ಗಂಟಾಯಿತಂತೆ. ಎರಡನೆಯ ಸಲ ಚೆನ್ನಾಯಿತು.

ಗಡಿಯಾಚೆ ಇರುವ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕನ್ನಡ ಸಿಕ್ಕೀತೋ ಇಲ್ಲವೋ, ಒಲೆಯ ಮುಂದೆ ಸಿಗಬೇಕು. ಆದುದರಿಂದ ಸಂಘವು ಮನೆಗೊಂದು ಅಡಿಗೆಯಂತೆ ಇಂತಹ ಹಾಳೆಗಳನ್ನು ಬರೆಯಿಸಲಿ. ದೂರದಲ್ಲಿರುವ ಮಕ್ಕಳಿಗೆ ಅಳತೆ ಮಾಡಿದ ರಾಗಿಹಿಟ್ಟು, ಒಣಗಿದ ಅವರೆಕಾಳು, ಸಾರಿನ ಪುಡಿಗಳೊಡನೆ ಬಟ್ಟೆಯ ಚೀಲದಲ್ಲಿ ಕಳುಹಿಸಲಿ. ಬಸ್ಸಾರಿನ ಹಾಳೆಯನ್ನು ನಾನು ಬರೆದು ತಂದಿದ್ದೇನೆ. ಸೊಪ್ಪು ಬಸಿದ ಕಟ್ಟಿಗೆ ಹುಣಿಸೆಹಣ್ಣು ಎಷ್ಟೆಂಬಲ್ಲಿ ನಮ್ಮ ಮನೆಯಲ್ಲೇ ಅತ್ತೆ ಸೊಸೆಗೆ ಒಪ್ಪಿಗೆಯಾಗದ ಕಾರಣ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಸಭೆ ಮುಗಿದೊಡನೆ ಹಿರಿಯ ತಾಯಂದಿರು ಇತ್ತ ಬಂದು ಅದನ್ನು ತುಂಬಿಸಿಕೊಡಬೇಕಾಗಿ ಕೋರುತ್ತೇನೆ.