ಹರಿಗೋಲಿನ ನಕ್ಷೆ

ದೋಣಿ ಕಟ್ಟುವವನಿಗೆ ಕೂಲಿಯುಂಟು. ದೋಣಿಯ ನಕ್ಷೆಗೆ ಬೆಲೆಯುಂಟೆ? ಕಾಳಿಯ ದಡದ ದಾಂಡೇಲಿ, ಜೊಯಿಡಾ ಸೀಮೆಯಲ್ಲಿ ಪ್ರವಾಸಿಗಳು ಹರಿಗೋಲಿನಲ್ಲಿ ಕುಳಿತು ನಲಿಯುವುದನ್ನು ಕಂಡಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಹರಿಗೋಲಿಗೆ ಕಾಗದದ ನಕ್ಷೆಯಿಲ್ಲ. ಬಿದಿರಿನ ಸೀಳುಗಳನ್ನು ನೆಲದ ಮೇಲೆ ಅಡ್ಡಡ್ಡ ಹಾಸಿ, ನಡುವಿನಿಂದ ಹೆಣೆಯುತ್ತ ಹೋಗಿ, ಅಂಚನ್ನು ಮೇಲಕ್ಕೆ ಬಾಗಿಸಿ ಕಟ್ಟಬೇಕು. ಹೊರಮೈಗೆ ಹಿಂದೆ ತೊಗಲು; ಈಗ ಡಾಂಬರು, ಪ್ಲಾಸ್ಟಿಕ್ ಹಾಳೆ. ಎಷ್ಟು ಜನಕ್ಕೆ ಎಷ್ಟು ಅಗಲ, ಎಷ್ಟು ಆಳ ಎಂಬುದೆಲ್ಲ ಮೊಳ-ಗೇಣುಗಳ ಲೆಕ್ಕದಲ್ಲಿ ಕೈಗೇ ಗೊತ್ತು. ಛಂದಸ್ಸು ಕಲಿಸಿದ ನನಗೆ ಇದೂ ಒಂದು ಛಂದಸ್ಸೇ ಎನಿಸುತ್ತದೆ.

ಆದರೆ ಗಿರಾಕಿ ಹಣ ಕೊಡುವುದು ಬಿದಿರಿಗೆ, ದಿನಗೂಲಿಗೆ. 2020ರಲ್ಲಿ ಪ್ರವಾಸವೇ ನಿಂತಿತು. ಅಂಥ ಕಾಲದಲ್ಲಿ ಈ ಕಸುಬಿನವನಿಗೆ ಉಳಿಯುವುದು ಬುಟ್ಟಿ, ಮೊರ, ತಟ್ಟಿ. ಅದಕ್ಕಾದರೂ ಬಿದಿರು ಬೇಕಲ್ಲ! 1950ರ ದಶಕದಲ್ಲಿ ಬಂದ ದಾಂಡೇಲಿಯ ಕಾಗದದ ಕಾರ್ಖಾನೆಗೆ ಸರ್ಕಾರ ಬಿದಿರನ್ನು ಟನ್ನಿಗೆ 1.50 ರೂಪಾಯಿಯಂತೆ ಕೊಟ್ಟಿತೆಂದು ಮಾಧವ ಗಾಡ್ಗೀಳರು ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರನಾದರೋ ಪೇಟೆಯ ದರವನ್ನೇ ತೆರಬೇಕಾಗಿತ್ತು. ಬಿದಿರಿನಿಂದಾದ ಕಾಗದದ ಮೇಲೆ ಮೂವತ್ತು ವರ್ಷ ಪಾಠದ ಟಿಪ್ಪಣಿ ಬರೆದ ನಾನು, ಹರಿಗೋಲಿನ ಒಂದು ಅಳತೆಯನ್ನೂ ಬರೆದಿಡಲಿಲ್ಲ.